ಎಲುಬು ಕೂಡಿದ ಮೇಲೂ ಬಿಡದ ನೋವು

ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ತೋಟಗಳ ಸಂಕಗಳಿಗೆ ಪಾಚಿ ಹಿಡಿಯುವುದು ಹೊಸತಲ್ಲ. ಕಳೆದ ವರ್ಷ ಆಟಿ ತಿಂಗಳಲ್ಲಿ ಅಂತಹ ಒಂದು ಅಡಕೆ ಮರದ ಸಂಕದಿಂದ ನಾವು ಜಾರಿ ಕಣಿಗೆ ಬಿದ್ದೆವು. ಊರಿದ ಬಲಗೈಯ ಮಣಿಕಟ್ಟಿನ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿಸಿದೆವು. ಆರು ವಾರಗಳ ಮೇಲೆ ಅದನ್ನು ಬಿಚ್ಚಿ, ಎಲುಬು ಚೆನ್ನಾಗಿ ಕೂಡಿದೆ ಎಂದರು.

ಎಲುಬೇನೋ ಕೂಡಿತ್ತು, ಕೈ ಮಾತ್ರ ನಮ್ಮದೆನಿಸಲಿಲ್ಲ. ಬೆರಳುಗಳು ಊದಿ ಹೊಳೆಯುತ್ತಿದ್ದವು. ಚರ್ಮ ಒಮ್ಮೆ ಕೆಂಪಗೆ ಬಿಸಿ, ಒಮ್ಮೆ ನೀಲಿಗಟ್ಟಿ ತಣ್ಣಗೆ. ಅಂಗೈಯಲ್ಲಿ ಸದಾ ಬೆವರು. ಹೊದಿಕೆಯ ಅಂಚು ತಾಗಿದರೂ ಉರಿ. ಅಡಕೆ ಸುಲಿಯುವುದಿರಲಿ, ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯುವುದೂ ಆಗದು. ಸೋಮಾರಿತನವೆಂದು ನಕ್ಕವರೂ ಇದ್ದರು!

ಇದು ಮನಸ್ಸಿನ ಭ್ರಮೆಯಲ್ಲ. ಪೆಟ್ಟಾದ ಕೈಕಾಲುಗಳ ಎಲುಬು ಉರಿಯೂತದಿಂದ ಸವೆಯುವುದನ್ನು ಜರ್ಮನಿಯ ಶಸ್ತ್ರವೈದ್ಯ ಪಾಲ್ ಸುಡೆಕ್ 1900ರಲ್ಲಿಯೇ ವಿವರಿಸಿದ್ದನು. ಉರಿಯೂತವೇ ನಮ್ಮ ವೈರಿಯೆಂದು ತಿಳಿಯಬಾರದು. ಮುರಿದ ಕಡೆ ರಕ್ತ ಹೆಪ್ಪುಗಟ್ಟಿ, ಊದಿ, ಹಾಳಾದುದನ್ನು ತೆಗೆದು ಹೊಸ ಎಲುಬು ಕಟ್ಟುವ ಕೆಲಸ ಅದರಿಂದಲೇ ಆರಂಭವಾಗುತ್ತದೆ. ಆದರೆ ಕೆಲವರಲ್ಲಿ, ಕಟ್ಟೆ ಕಟ್ಟಲು ಬಂದ ಆಳುಗಳು ಕೆಲಸ ಮುಗಿದರೂ ಹೋಗದೆ ಗದ್ದಲ ಮಾಡುತ್ತ ಕುಳಿತಂತೆ, ಅದು ಅಡಗುವುದೇ ಇಲ್ಲ. ನರಗಳೂ ಮಿದುಳೂ ಸಣ್ಣ ಸ್ಪರ್ಶವನ್ನೇ ದೊಡ್ಡ ನೋವೆಂದು ತಿಳಿಯತೊಡಗುತ್ತವೆ.

ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇವೆ. ನೋವಿಗೆ ಹೆದರಿ ಕೈಯನ್ನು ಜೋಳಿಗೆಯಿಂದ ಹೊರಗೆ ತೆಗೆಯಲೇ ಇಲ್ಲ. ಪ್ಲಾಸ್ಟರಿನ ಹೊರಗಿದ್ದ ಬೆರಳುಗಳನ್ನೂ ಭುಜವನ್ನೂ, ವೈದ್ಯರು ಬೇಡವೆನ್ನದಿದ್ದರೆ, ಮೊದಲ ದಿನದಿಂದಲೇ ಆಡಿಸತಕ್ಕದ್ದಿತ್ತು. ಮಲಗುವಾಗ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಡಬೇಕಿತ್ತು. ಸಾಲದ್ದಕ್ಕೆ ಯಾರದೋ ಮಾತು ಕೇಳಿ ಎಣ್ಣೆ ಹಾಕಿ ಬಲವಾಗಿ ಎಳೆದು ತಿಕ್ಕಿಸಿದೆವು. ಆ ರಾತ್ರಿ ನಿದ್ದೆಯಿಲ್ಲ.

ಕೊನೆಗೆ ದಾರಿ ತೋರಿಸಿದುದು ವ್ಯಾಯಾಮ ಚಿಕಿತ್ಸೆ. ಮೊದಲು ಹತ್ತಿ, ಬಳಿಕ ಬಟ್ಟೆ, ಆಮೇಲೆ ಗೋಣಿತಟ್ಟು ಹೀಗೆ ಚರ್ಮಕ್ಕೆ ಸ್ಪರ್ಶದ ರೂಢಿ ಮಾಡಿಸಿದರು. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಹಿಂಡುವುದು ದಿನವೂ ಸ್ವಲ್ಪ ಸ್ವಲ್ಪವಾಗಿ. ಜೊತೆಗೆ ವೈದ್ಯರ ಔಷಧಿ. ಬೇಗ ಹೋದಷ್ಟೂ ಒಳಿತು. ನಾವು ಎರಡು ತಿಂಗಳು ಕಳೆದಿದ್ದೆವು.

ಇನ್ನೊಂದು ಮಾತು. ಪ್ಲಾಸ್ಟರಾಗಲಿ ಬಿದಿರು ಪಟ್ಟಿಯಾಗಲಿ ಕಟ್ಟಿದ ಮೇಲೆ ಬೆರಳು ನೀಲಿಯಾಗಿ ಮರಗಟ್ಟಿದರೆ, ತಾಳಲಾರದ ನೋವು ಬಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಬಿಗಿಗಟ್ಟಿನಿಂದ ರಕ್ತ ನಿಂತು ಕೈಯನ್ನೇ ಕಳೆದುಕೊಂಡವರಿದ್ದಾರೆ.

ಈ ವರ್ಷ ಮಳೆಗೆ ಮೊದಲೇ ಸಂಕದ ಪಾಚಿ ಕೆರೆದು, ಹಿಡಿಯಲು ಬಿದಿರಿನ ಗಳುವೊಂದನ್ನು ಕಟ್ಟಿದ್ದೇವೆ. ಹಗ್ಗ ಬಿಗಿಯುವಾಗ ಕಿರುಬೆರಳೊಂದು ಇನ್ನೂ ಪೂರ್ತಿ ಮಡಚಲಿಲ್ಲ.