‘ಗೈಸ್’ ಅಂದ್ರ ಯಾರು?

ಕಳೆದ ವಾರ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮಗ ‘ಗೈಸ್, ಪುಣೆ ತಲುಪಿದೆ’ ಎಂದು ಹಾಕಿದ. ಆ ಗುಂಪಿನಲ್ಲಿ ಅವನನ್ನು ಬಿಟ್ಟರೆ ಇರುವುದು ನಾನು, ನನ್ನ ಹೆಂಡತಿ ಮತ್ತು ಧಾರವಾಡದಲ್ಲಿರುವ ನನ್ನ 78 ವರ್ಷದ ಅವ್ವ. ಸಂಜೆ ಅವ್ವನ ಫೋನ್ ಬಂತು: ‘ಗೈಸ್ ಅಂದ್ರ ಯಾರಪಾ? ಅದರಾಗ ನಾನೂ ಇದ್ದೀನೇನು?’

ಪ್ರಶ್ನೆ ಸಣ್ಣದು, ಉತ್ತರ ಮಾತ್ರ 400 ವರ್ಷ ಹಿಂದಕ್ಕೆ ಹೋಗುತ್ತದೆ. 1605ರ ನವೆಂಬರ್ 5ರಂದು ಲಂಡನ್ನಿನಲ್ಲಿ ರಾಜ ಒಂದನೇ ಜೇಮ್ಸ್‌ನನ್ನು ಪಾರ್ಲಿಮೆಂಟಿನ ಸಮೇತ ಸ್ಫೋಟಿಸುವ ಸಂಚು ಬಯಲಾಯಿತು. ಕಟ್ಟಡದ ಕೆಳಗೆ 36 ಪೀಪಾಯಿ ಮದ್ದಿನ ಪುಡಿ ಕಾಯುತ್ತಿದ್ದಾಗ ಸಿಕ್ಕಿಬಿದ್ದವನು ಗೈ ಫಾಕ್ಸ್. ಮರುವರ್ಷದ ಜನವರಿಯಲ್ಲಿ ಅವನಿಗೆ ಮರಣದಂಡನೆಯಾಯಿತು. ಆ ದಿನದ ನೆನಪಿಗೆ ಇಂಗ್ಲೆಂಡಿನಲ್ಲಿ ಪ್ರತಿವರ್ಷ ಬೆಂಕಿ ಹಾಕುವ ರೂಢಿ ಬಂತು. ಮಕ್ಕಳು ಹಳೇ ಬಟ್ಟೆ ತೊಡಿಸಿದ ಗೊಂಬೆ ಹೊತ್ತು ಬೀದಿಯಲ್ಲಿ ಕಾಸು ಕೇಳಿ, ಕೊನೆಗೆ ಅದನ್ನು ಸುಡುತ್ತಿದ್ದರು. ಆ ಗೊಂಬೆಯ ಹೆಸರೇ ‘ಗೈ’.

19ನೇ ಶತಮಾನದ ಹೊತ್ತಿಗೆ ವಿಚಿತ್ರ ಬಟ್ಟೆ ತೊಟ್ಟ ಮನುಷ್ಯನನ್ನೂ ‘ಗೈ’ ಎಂದು ಹಂಗಿಸತೊಡಗಿದರು. ಅಮೆರಿಕಕ್ಕೆ ಹೋದ ಮೇಲೆ ಹಂಗು ಕಳಚಿ, ಯಾವ ಗಂಡಸಾದರೂ ‘ಗೈ’ ಆದ. ಆಮೇಲೆ ಬಹುವಚನದಲ್ಲಿ ಹೆಂಗಸರೂ ಸೇರಿದರು. ಏಕವಚನದಲ್ಲಿ ಮಾತ್ರ ಅದು ಇವತ್ತಿಗೂ ಗಂಡಸೇ. ಅದಕ್ಕೇ ಕೆಲವು ಮಹಿಳೆಯರಿಗೆ ಆಫೀಸಿನ ‘ಹಾಯ್ ಗೈಸ್’ ಹಿಡಿಸುವುದಿಲ್ಲ.

ಈ ಪದ ಇಷ್ಟು ಹಬ್ಬಲು ಒಂದು ಕಾರಣವುಂಟು. ಇಂಗ್ಲಿಷಿನಲ್ಲಿ ಒಬ್ಬರಿಗೂ ‘ಯೂ’, ಹತ್ತು ಜನಕ್ಕೂ ‘ಯೂ’. ಆ ಕೊರತೆ ತುಂಬಲು ‘ಯೂ ಗೈಸ್’ ಬೇಕಾಯಿತು. ನಮಗೆ ‘ನೀನು’, ‘ನೀವು’, ‘ತಾವು’ ಎಲ್ಲ ಇವೆ. ಇಲ್ಲದ್ದು ಕೊರತೆಯಲ್ಲ, ಬಳಸುವ ರೂಢಿ.

ಇಷ್ಟೆಲ್ಲ ಹೇಳಿದ ಮೇಲೆ ಅವ್ವ ನಕ್ಕಳು. ‘ಹಂಗಾದ್ರ ಅದು ನಮ್ಮ ಹೋಳಿ ಕಾಮಣ್ಣ ಇದ್ದಂಗ ಅನ್ನು. ಹುಡುಗರು ರೊಕ್ಕ ಕೇಳ್ತಾವ, ಆಮ್ಯಾಲೆ ಸುಡ್ತಾವ.’ ಸ್ವಲ್ಪ ಸುಮ್ಮನಿದ್ದು ಅಂದಳು: ‘ಅವನು ಸಣ್ಣಾವಿದ್ದಾಗ ಊರಿಗೆ ಬಂದ ಕೂಡ್ಲೆ ಬಾಗಿಲದಾಗಿಂದನ ಆಯಿ ಅಂತ ಕೂಗ್ತಿದ್ದ. ಈಗ ಕೂಗೋದಿಲ್ಲಲ್ಲ, ಅದಕ್ಕ ಕೇಳಿದೆ.’

ಮಗನಿಗೆ ಗೈ ಫಾಕ್ಸನ ಕಥೆ ಹೇಳಲಿಲ್ಲ. ಅವ್ವನ ಈ ಮಾತಷ್ಟೇ ಹೇಳಿದೆ. ಮರುದಿನ ಗುಂಪಿನಲ್ಲಿ ಒಂದೇ ಸಾಲು ಬಂತು: ‘ಆಯಿ, ಊಟ ಆತೇನು?’