ಬಿಲ್ಲು ಏರಿತೇ? ಮೀಟರಿನ ಕೆಂಪು ದೀಪ ಎಣಿಸಿ

ಮನೆಯ ಕರೆಂಟ್ ಬಿಲ್ಲು ಇದ್ದಕ್ಕಿದ್ದಂತೆ ಏರಿದರೆ ಊರಲ್ಲಿ ಎರಡೇ ಮಾತು. ಒಂದು, ಮೀಟರ್ ಓಡ್ತಾ ಇದೆ. ಇನ್ನೊಂದು, ರೀಡಿಂಗ್ ಬರೆಯುವವನು ತಪ್ಪು ಬರೆದ. ಎರಡೂ ಇರಬಹುದು. ಆದರೆ ಮೂರನೆಯದೂ ಒಂದಿದೆ. ಕರೆಂಟು ನಮ್ಮ ಮನೆಯಲ್ಲೇ ಎಲ್ಲೋ ನೆಲಕ್ಕೆ ಇಳಿಯುತ್ತಿರಬಹುದು. ಅದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ಇದನ್ನು ಯಾವ ಮಿಷನ್ನೂ ಇಲ್ಲದೆ, ಒಂದು ಗಡಿಯಾರ ಇಟ್ಟುಕೊಂಡು ಹುಡುಕಬಹುದು. ನಮ್ಮ ಮನೆಯಲ್ಲಿ ಹುಡುಕಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿ ಶೇಂಗಾ, ತೊಗರಿ ಹಾಕುವವರು. ಮನೆಗೆ ತಿಂಗಳಿಗೆ 72ರಿಂದ 78 ಯೂನಿಟ್ ಸುಡುತ್ತಿತ್ತು. ಗೃಹಜ್ಯೋತಿ 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಮೇಲೆ ಸೊನ್ನೆ ಬಿಲ್ಲು. 2024ರ ಸೆಪ್ಟೆಂಬರಿನಲ್ಲಿ 131 ಯೂನಿಟ್ ಬಂತು, ಅಕ್ಟೋಬರಿನಲ್ಲಿ 211. ಹೊಸ ಸಾಮಾನು ಒಂದೂ ತಂದಿರಲಿಲ್ಲ. ಮಳೆಗಾಲ, ಫ್ಯಾನು ಕೂಡ ಕಡಿಮೆ.

ಗೃಹಜ್ಯೋತಿಯ ಲೆಕ್ಕ ಕೆಲವರಿಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ. 2022-23ರ ಸರಾಸರಿಗೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಿದರು. ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೂ ನಾವೇ ಕಟ್ಟಬೇಕು. ಹಾಗಾಗಿ 11 ಯೂನಿಟ್ ದಾಟಿದ್ದಕ್ಕೆ ನಮಗೆ ಸಾವಿರದ ಐನೂರರ ಮೇಲೆ ಬಿತ್ತು. ಮಳೆ ನಂಬಿದ ಮನೆಗೆ ಇದು ಒಂದು ವಾರದ ಕೂಲಿ.

ಮೊದಲು ಬಿಲ್ಲು ಓದಿ

ಬಿಲ್ಲಿನಲ್ಲಿ ಕೊನೆಯ ಮೊತ್ತ ಒಂದನ್ನೇ ನೋಡಬೇಡಿ. ನಾಲ್ಕು ವಿಷಯ ನೋಡಿ. ಮೀಟರ್ ನಂಬರ್ ನಿಮ್ಮದೇ ತಾನೆ? ಹಿಂದಿನ ರೀಡಿಂಗ್ ಹೋದ ತಿಂಗಳ ಬಿಲ್ಲಿನಲ್ಲಿ ಇದ್ದದ್ದೇ ತಾನೆ? ಈಗಿನ ರೀಡಿಂಗಿಗಿಂತ ಮೀಟರ್ ಸ್ವಲ್ಪ ಮುಂದೆ ಇದೆಯೇ? ಎಷ್ಟು ದಿನದ ಬಿಲ್ಲು?

ಮನೆ ಬಾಗಿಲು ಹಾಕಿದ್ದಾಗ ಅಂದಾಜಿನ ಮೇಲೆ ಬಿಲ್ಲು ಮಾಡಿರುತ್ತಾರೆ. ಮುಂದಿನ ತಿಂಗಳು ಎರಡೂ ಸೇರಿ ಬಂದಾಗ ದೊಡ್ಡದಾಗಿ ಕಾಣುತ್ತದೆ. ಅದು ಏರಿಕೆ ಅಲ್ಲ, ಹಳೆಯ ಬಾಕಿ. ನಮ್ಮದರಲ್ಲಿ ಹಿಂದಿನದು 8426, ಈಗಿನದು 8637. ಕಳೆದರೆ 211. ಮೀಟರಿನಲ್ಲೂ ಅದೇ ಇತ್ತು. ಅಂದರೆ ಬರೆದವನದು ಸರಿಯಿದೆ.

ಆಮೇಲೆ ಮನೆ ಲೆಕ್ಕ ಹಾಕಿ

ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಮನೆಯದು ಹೀಗೆ:

- 70 ವ್ಯಾಟಿನ ಎರಡು ಫ್ಯಾನು, ದಿನಕ್ಕೆ 10 ತಾಸು: ತಿಂಗಳಿಗೆ 42 ಯೂನಿಟ್
- 9 ವ್ಯಾಟಿನ ಏಳು ಎಲ್‌ಇಡಿ ಬಲ್ಬು, 5 ತಾಸು: ಒಂಬತ್ತೂವರೆ
- ಟಿವಿ ಮತ್ತು ಅದರ ಡಬ್ಬಿ: ಸುಮಾರು 10
- ತೊಟ್ಟಿಯ ಅರ್ಧ ಎಚ್‌ಪಿ ಮೋಟರ್, ದಿನಕ್ಕೆ ಮುಕ್ಕಾಲು ತಾಸು: ಸುಮಾರು 11
- ಮಿಕ್ಸಿ: 2

ಒಟ್ಟು 75ರ ಹತ್ತಿರ. ಹಳೆಯ ಬಿಲ್ಲುಗಳಿಗೆ ಸರಿ ಹೊಂದುತ್ತದೆ. ಹಾಗಾದರೆ ಅಕ್ಟೋಬರಿನಲ್ಲಿ ಮಿಕ್ಕ 136 ಯೂನಿಟ್ ಎಲ್ಲಿ ಹೋಯಿತು?

ಸಾಮಾನ್ಯವಾಗಿ ಬಿಲ್ಲು ಏರಿಸುವುದು ಬಿಸಿ ಮಾಡುವ ಸಾಮಾನು. ನೀರು ಕಾಯಿಸುವ ಕಾಯಿಲ್ 1500 ವ್ಯಾಟ್, ದಿನಕ್ಕೆ ಒಂದು ತಾಸು ಹಾಕಿದರೆ ತಿಂಗಳಿಗೆ 45 ಯೂನಿಟ್. ಮಿಕ್ಸಿ ಸದ್ದು ಜಾಸ್ತಿ, ಸುಡುವುದು ಕಡಿಮೆ. ಮೋಟರಿನ ಫುಟ್‌ವಾಲ್ವ್ ಸೋರಿದರೆ ತೊಟ್ಟಿ ತುಂಬಲು ಮುಕ್ಕಾಲು ತಾಸಿನ ಬದಲು ಎರಡು ತಾಸು ಬೇಕಾಗುತ್ತದೆ, ಅದನ್ನೂ ನೋಡಿ. ನಮ್ಮಲ್ಲಿ ಕಾಯಿಲ್ ಇಲ್ಲ, ಸ್ನಾನದ ನೀರು ಒಲೆ ಮೇಲೆ. ಮೋಟರ್ ಎಂದಿನಂತೆ ತುಂಬಿಸುತ್ತಿತ್ತು.

ಕೆಂಪು ದೀಪದ ಪರೀಕ್ಷೆ

ಈಗಿನ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಸಾಸಿವೆಯಷ್ಟು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಇಂಪ್’ ಎಂದು ಬರೆದು 3200 ಅಥವಾ 1600 ಅಥವಾ ಬೇರೆ ಅಂಕಿ ಅಚ್ಚಾಗಿರುತ್ತದೆ. ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಆಯಿತು ಎಂದರ್ಥ. ಹಳೆಯ ಮೀಟರಿನಲ್ಲಿ ತಿರುಗುವ ಚಕ್ರ ಇರುತ್ತಿತ್ತಲ್ಲ, ಇದು ಅದೇ ಕೆಲಸ ಮಾಡುವುದು.

ಮನೆಯ ಎಲ್ಲಾ ಸ್ವಿಚ್ಚು ಆರಿಸಿ. ಟಿವಿ ಡಬ್ಬಿ, ಫೋನ್ ಚಾರ್ಜರ್ ಪ್ಲಗ್ಗಿನಿಂದಲೇ ತೆಗೆಯಿರಿ. ರಿಮೋಟಿನಲ್ಲಿ ಆರಿಸಿದರೆ ಡಬ್ಬಿ ಪೂರ್ತಿ ಆರುವುದಿಲ್ಲ. ಮೇನ್ ಸ್ವಿಚ್ ಮಾತ್ರ ಹಾಕಿಯೇ ಇರಲಿ. ಐದು ನಿಮಿಷ ಮೀಟರ್ ನೋಡಿ. ದೀಪ ಮಿನುಗಬಾರದು. ಕೆಲವು ಮೀಟರಿನಲ್ಲಿ ಒಂದೇ ಸಮನೆ ಉರಿಯುತ್ತದೆ, ಕೆಲವದರಲ್ಲಿ ಆರಿರುತ್ತದೆ, ಎರಡೂ ಸರಿ.

ನಮ್ಮ ಮೀಟರ್ 3200ರದ್ದು. ಎಲ್ಲಾ ಆರಿಸಿದರೂ ನಿಮಿಷಕ್ಕೆ 10 ಸಲ ಮಿನುಗುತ್ತಿತ್ತು. ಲೆಕ್ಕ ಹಾಕಿ. ಗಂಟೆಗೆ 600, ದಿನಕ್ಕೆ 14,400. ಅದನ್ನು 3200ರಿಂದ ಭಾಗಿಸಿದರೆ ದಿನಕ್ಕೆ ನಾಲ್ಕೂವರೆ ಯೂನಿಟ್, ತಿಂಗಳಿಗೆ 135. ಮಿಕ್ಕ ಲೆಕ್ಕ ಅಲ್ಲಿಗೆ ಸಿಕ್ಕಿತು!

ಬಾಯಿಪಾಠಕ್ಕೆ ಹೀಗೆ ಇಟ್ಟುಕೊಳ್ಳಿ. ಎಲ್ಲಾ ಆರಿಸಿದ ಮೇಲೂ ನಿಮಿಷಕ್ಕೆ ಒಂದು ಸಲ ಮಿನುಗಿದರೆ, 3200ರ ಮೀಟರಿಗೆ ತಿಂಗಳಿಗೆ ಹದಿಮೂರೂವರೆ ಯೂನಿಟ್, 1600ರದ್ದಕ್ಕೆ 27 ಯೂನಿಟ್ ಹೊರಗೆ ಹೋಗುತ್ತಿದೆ.

ಇನ್ನೊಂದು ಗುರುತು ಇದೆ. ಬಹಳ ಮೀಟರುಗಳಲ್ಲಿ ‘ಅರ್ಥ್’ ಅಥವಾ ‘ಇ.ಎಲ್.’ ಎಂಬ ಬೇರೆ ದೀಪ ಇರುತ್ತದೆ. ಫೇಸ್ ತಂತಿಯಲ್ಲಿ ಹೋದ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಪೂರ್ತಿ ವಾಪಸು ಬರದಿದ್ದರೆ ಅದು ಹತ್ತುತ್ತದೆ. ಮೀಟರ್ ಎರಡೂ ತಂತಿ ಅಳೆದು, ಯಾವುದು ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ನೆಲಕ್ಕೆ ಇಳಿದ ಕರೆಂಟಿಗೂ ದುಡ್ಡು ನಾವೇ ಕೊಡಬೇಕು. ನಮ್ಮ ಮೀಟರಿನಲ್ಲಿ ಆ ದೀಪವೂ ಹತ್ತಿತ್ತು.

ಮೇನ್ ಆರಿಸಿ ನೋಡಿ

ಮುಂದಿನ ಹೆಜ್ಜೆ, ಮೇನ್ ಸ್ವಿಚ್ಚನ್ನೇ ಆರಿಸುವುದು. ಆಗಲೂ ದೀಪ ಮಿನುಗಿದರೆ ದೋಷ ಮೀಟರಿನಲ್ಲಿದೆ, ಇಲ್ಲವೇ ಮೀಟರಿಗೂ ಮೇನಿಗೂ ನಡುವಿನ ತಂತಿಯಲ್ಲಿದೆ. ಅದನ್ನು ನಾವು ಮುಟ್ಟುವ ಹಾಗಿಲ್ಲ. ಸೀಲ್ ಬಿಚ್ಚಿದರೆ ಕೇಸಾಗುತ್ತದೆ. ಮೀಟರ್ ಪರೀಕ್ಷೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 1912ಕ್ಕೆ ಫೋನು ಮಾಡಿಯೂ ದೂರು ಬರೆಸಬಹುದು.

ಅಣ್ಣತಮ್ಮಂದಿರು ಪಾಲಾದ ಮನೆಗಳಲ್ಲಿ ಇಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ನಿಮ್ಮ ಮೇನ್ ಆರಿಸಿದಾಗ ಪಕ್ಕದ ಪಾಲಿನ ಬಲ್ಬು ಯಾವುದಾದರೂ ಆರಿತೇ? ಗೋಡೆ ಹಾಕುವಾಗ ತಂತಿ ಬೇರೆ ಮಾಡದೆ ಬಿಟ್ಟಿದ್ದರೆ ತಮ್ಮನ ಬಚ್ಚಲ ಬಲ್ಬು ಅಣ್ಣನ ಮೀಟರಿನಲ್ಲಿ ಉರಿಯುತ್ತಿರುತ್ತದೆ. ಇದು ಕಳ್ಳತನ ಅಲ್ಲ, ವೈರಿಂಗಿನ ಮರೆವು. ಜಗಳಕ್ಕೆ ಮೊದಲು ತಂತಿ ನೋಡಿ.

ನಮ್ಮಲ್ಲಿ ಮೇನ್ ಆರಿಸಿದ ಕೂಡಲೇ ಮಿನುಗುವುದು ನಿಂತಿತು. ಮೀಟರ್ ಸರಿ ಇದೆ, ದೋಷ ಮನೆಯೊಳಗೆ ಎಂದು ತೀರ್ಮಾನವಾಯಿತು.

ಒಂದೊಂದೇ ಫ್ಯೂಸ್

ಬೋರ್ಡಿನಲ್ಲಿ ಮೂರು ಫ್ಯೂಸ್. ಒಂದು ಮನೆಗೆ, ಒಂದು ಮೋಟರಿಗೆ, ಒಂದು ದನದ ಕೊಟ್ಟಿಗೆಗೆ. ಮೇನ್ ಆರಿಸಿ, ಒಂದು ಫ್ಯೂಸ್ ಕಿತ್ತು, ಮೇನ್ ಹಾಕಿ, ದೀಪ ನೋಡುವುದು. ಮೇನ್ ಹಾಕಿರುವಾಗ ಫ್ಯೂಸ್ ಕೀಳಬಾರದು. ಮನೆಯ ಫ್ಯೂಸ್ ಕಿತ್ತರೂ ಮಿನುಗಿತು. ಮೋಟರಿನದು ಕಿತ್ತರೂ ಮಿನುಗಿತು. ಕೊಟ್ಟಿಗೆಯದು ಕಿತ್ತಾಗ ನಿಂತಿತು.

ಕೊಟ್ಟಿಗೆಯಲ್ಲಿ ಇರುವುದು ಒಂದೇ ಬಲ್ಬು, ಅದೂ ಆರಿತ್ತು. ಸ್ವಿಚ್ ಆರಿಸಿದರೆ ಕರೆಂಟು ಹೇಗೆ ಹೋಗುತ್ತದೆ ಅಂತ ಕೇಳಬಹುದು. ಸ್ವಿಚ್ ತಡೆಯುವುದು ಸ್ವಿಚ್ಚಿನಿಂದ ಆಚೆಗೆ ಮಾತ್ರ. ಅದರ ತನಕ ಬರುವ ತಂತಿಯಲ್ಲಿ ಹಗಲೂ ರಾತ್ರಿ ಕರೆಂಟು ಇರುತ್ತದೆ. ಕೆರೆಯ ತೂಬು ಮುಚ್ಚಿದ್ದರೂ ಏರಿಯಲ್ಲಿ ಇಲಿ ಬಿಲ ಇದ್ದರೆ ನೀರು ಇಳಿಯುವುದಿಲ್ಲವೇ, ಹಾಗೆ.

ಆಗ ನಮ್ಮ ಮನೆಯವಳು ಒಂದು ಮಾತು ಹೇಳಿದಳು. “ಮಳೆ ಹಿಡಿದಾಗಿನಿಂದ ಎಮ್ಮೆ ಹಿಂದಿನ ಮೂಲೆಗೆ ಕಾಲೇ ಇಡಲ್ಲ. ಎಳೆದರೂ ಬರಲ್ಲ. ಅದಕ್ಕೇ ಬಾಗಿಲ ಹತ್ತಿರ ಕಟ್ಟಿದೀನಿ.”

ಕೊಟ್ಟಿಗೆ ಹೆಂಚಿನದು, ಮರದ ತೊಲೆ. ಹಿಂದಿನ ಮೂಲೆಯಲ್ಲಿ ಕೊಳೆತ ಮರದ ಕಂಬದ ಬದಲು ಒಂದು ಕಬ್ಬಿಣದ ಪೈಪು ನಿಲ್ಲಿಸಿತ್ತು. ಅದರ ಮುಂದೆ ಶೇಂಗಾ ಹೊಟ್ಟಿನ ರಾಶಿ. ವೈರಿಂಗ್ ಮಾಡುವ ಹುಡುಗನನ್ನು ಕರೆಸಿದೆವು. ಅವನು ಒಣ ಹಲಗೆ ಮೇಲೆ ನಿಂತು ಪೈಪಿಗೆ ಟೆಸ್ಟರ್ ಹಿಡಿದ. ಟೆಸ್ಟರ್ ಹತ್ತಿತು! ಮೇನ್ ಆರಿಸಿ ಹತ್ತಿ ನೋಡಿದರೆ, ತೊಲೆ ಮೇಲೆ ಓಡಾಡುವ ಇಲಿಗಳು ಪ್ಲಾಸ್ಟಿಕ್ ಕೊಳವೆ ಕಡಿದು, ಒಳಗಿನ ತಂತಿಯನ್ನೂ ಕಡಿದಿದ್ದವು. ಬರಿಯ ತಾಮ್ರ ಪೈಪಿನ ತಲೆಗೆ ಒರಗಿತ್ತು. ಪೈಪಿನ ಬುಡ ಎರಡಡಿ ಗಂಜಲದ ನೆಲದಲ್ಲಿ. ನೆಲ ಒಣಗಿದ್ದಾಗ ಕರೆಂಟು ಅಷ್ಟು ಇಳಿಯುವುದಿಲ್ಲ, ನೆನೆದಷ್ಟೂ ಜಾಸ್ತಿ. ಅದಕ್ಕೇ ಮಳೆ ಶುರುವಾದ ಸೆಪ್ಟೆಂಬರಿನಲ್ಲಿ ಅರ್ಧ ಏರಿಕೆ, ಮಳೆ ಹಿಡಿದ ಅಕ್ಟೋಬರಿನಲ್ಲಿ ಪೂರ್ತಿ.

ಫ್ಯೂಸ್ ಯಾಕೆ ಹೋಗಲಿಲ್ಲ?

ನಾನು ಹುಡುಗನಿಗೆ ಕೇಳಿದ್ದು ಇದನ್ನೇ. “ಮಾವ, ಫ್ಯೂಸ್ ಹೋಗೋಕೆ ಐದು ಆಂಪಿಯರ್‌ಗಿಂತ ಜಾಸ್ತಿ ಹರೀಬೇಕು. ಇಲ್ಲಿ ಹರೀತಾ ಇರೋದು ಒಂದು ಆಂಪಿಯರ್ ಕೂಡ ಇಲ್ಲ” ಅಂದ. ಲೆಕ್ಕಕ್ಕೆ ಸುಮಾರು 0.8 ಆಂಪಿಯರ್. ನಮ್ಮ ಬಯಲುಸೀಮೆ ನೆಲ ಕರೆಂಟನ್ನು ಸಲೀಸಾಗಿ ಕುಡಿಯುವುದಿಲ್ಲ. ಫ್ಯೂಸ್ ಸುಡುವಷ್ಟು ಹರಿಯುವುದೂ ಇಲ್ಲ, ಪೂರ್ತಿ ನಿಲ್ಲುವುದೂ ಇಲ್ಲ. ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಎಂಸಿಬಿ ಹಾಕಿದ್ದರೂ ಇದಕ್ಕೆ ಬೀಳುವುದಿಲ್ಲ.

ಆದರೆ ಮನುಷ್ಯನ ಮೈಯಲ್ಲಿ 0.03 ಆಂಪಿಯರ್, ಅಂದರೆ 30 ಮಿಲಿ ಆಂಪಿಯರ್ ಮೀರಿ ಹರಿದರೆ ಪ್ರಾಣಕ್ಕೆ ಅಪಾಯ. ಅದರ ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು ಆ ಪೈಪಿನಲ್ಲಿ ಇಳಿಯುತ್ತಿತ್ತು. ಮಕ್ಕಳು ದಿನಾ ಹೊಟ್ಟು ತುಂಬಿಕೊಳ್ಳುತ್ತಿದ್ದದ್ದು ಅದರಿಂದ ಎರಡು ಮೊಳ ದೂರದಲ್ಲಿ. ಅಂಥ ಕಂಬದ ಸುತ್ತಲಿನ ಹಸಿ ನೆಲದಲ್ಲೂ ಕರೆಂಟು ಹರಡಿರುತ್ತದೆ. ದನಕ್ಕೆ ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಕಾಲಿಗೆ ಚಪ್ಪಲಿ ಇಲ್ಲ. ನಮಗೆ ಗೊತ್ತಾಗದ್ದು ಅದಕ್ಕೆ ಮೊದಲು ಗೊತ್ತಾಗುತ್ತದೆ. ದನ ಒಂದು ಜಾಗಕ್ಕೆ ಹೆದರಿದರೆ, ನೀರಿನ ತೊಟ್ಟಿ ಮುಟ್ಟಲು ಹಿಂಜರಿದರೆ, ದೃಷ್ಟಿ ತೆಗೆಯುವ ಮೊದಲು ಟೆಸ್ಟರ್ ಹಿಡಿಸಿ.

ಮಾಡಿದ ರಿಪೇರಿ

ಕಬ್ಬಿಣದ ಪೈಪು ತೆಗೆದು ಕಲ್ಲುಕಂಬ ನಿಲ್ಲಿಸಿದೆವು. ಕೊಟ್ಟಿಗೆಗೆ ಹೊಸ ತಂತಿಯನ್ನು ದಪ್ಪ ಕೊಳವೆಯಲ್ಲಿ, ತೊಲೆ ಬಿಟ್ಟು ಗೋಡೆಯ ಮೇಲ್ಭಾಗದಲ್ಲಿ ಎಳೆಸಿದೆವು. ಕೊಟ್ಟಿಗೆ ಫ್ಯೂಸನ್ನು ರಾತ್ರಿ ಕೆಲಸ ಮುಗಿದ ಮೇಲೆ ಆರಿಸಲು ಬರುವಂತೆ ಸ್ವಿಚ್ ಹಾಕಿಸಿದೆವು.

ಮೇನಿನ ಹತ್ತಿರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಹೋದ ಕರೆಂಟು ವಾಪಸು ಬರದೆ ಎಲ್ಲೋ ಇಳಿದರೆ ಇದು ಕಣ್ಣು ಮಿಟುಕಿಸುವುದರೊಳಗೆ ಇಡೀ ಮನೆ ಆರಿಸುತ್ತದೆ. ನಮಗೆ ಸಾವಿರದ ಎಂಟುನೂರು ಬಿತ್ತು, ಹೆಚ್ಚೂಕಡಿಮೆ ಆ ಒಂದು ಬಿಲ್ಲಿನಷ್ಟು. ಅದರ ಮೇಲೆ ‘ಟೆಸ್ಟ್’ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ.

ಅರ್ಥಿಂಗ್ ಕೂಡ ಹೊಸದು ಮಾಡಿಸಿದೆವು. ಎಂಟಡಿ ಪೈಪು, ಸುತ್ತ ಇದ್ದಿಲು, ಉಪ್ಪು. ಜಾಗ ಬಚ್ಚಲ ನೀರು ಹೋಗುವ ಕಡೆ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಕಲ್ಲಾದಾಗ ಅರ್ಥಿಂಗ್ ಇದ್ದೂ ಇಲ್ಲದಂತೆ. ಬಚ್ಚಲ ನೀರು ಹರಿಯುತ್ತಿದ್ದರೆ ವರ್ಷವಿಡೀ ತೇವ ಇರುತ್ತದೆ. ಆ ಜಾಗ ಸಿಗದವರು ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಹೊಯ್ಯಿರಿ.

ನವೆಂಬರ್ ಬಿಲ್ಲು 74 ಯೂನಿಟ್. ಅಕ್ಟೋಬರಿನ ದುಡ್ಡು ವಾಪಸು ಬರುವಂಥದ್ದಲ್ಲ, ಕರೆಂಟು ಮೀಟರಿನ ಮೂಲಕವೇ ಹೋಗಿತ್ತು. ಎಮ್ಮೆ ಒಂದು ವಾರ ಅನುಮಾನ ಮಾಡಿ, ಆಮೇಲೆ ಹಿಂದಿನ ಮೂಲೆಗೆ ಹೋಗಿ ಮಲಗಿತು.

ದೀಪ ನೋಡುವುದು, ಎಣಿಸುವುದು, ಮೇನ್ ಆರಿಸುವುದು ಯಾರಾದರೂ ಮಾಡಬಹುದು. ತಂತಿ ಮುಟ್ಟುವ ಕೆಲಸ ಬಲ್ಲವರದ್ದು. ಪ್ರತಿ ತಿಂಗಳ ಒಂದನೇ ತಾರೀಖು ಬೆಳಗ್ಗೆ ರೀಡಿಂಗನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂಗಾರು ಶುರುವಾದ ಮೇಲೆ ಒಂದು ಸಲ, ಹಿಂಗಾರಿನಲ್ಲಿ ಒಂದು ಸಲ, ನೆಲ ನೆನೆದಿರುವಾಗಲೇ ಎಲ್ಲಾ ಆರಿಸಿ ಐದು ನಿಮಿಷ ಆ ಕೆಂಪು ದೀಪ ನೋಡಿ. ಒಣ ದಿನದಲ್ಲಿ ನೋಡಿದರೆ ಸೋರಿಕೆ ಕಾಣದೇ ಹೋಗಬಹುದು.