‘ಅಮ್ಮಾ, ಇಲ್ಲೊಂದು ರುಜು ಹಾಕು!’

ಮಗಳ ಪ್ರೋಗ್ರೆಸ್ ಕಾರ್ಡಿಗೆ, ಫೀಸಿನ ಅರ್ಜಿಗೆ, ಸ್ಕಾಲರ್‌ಷಿಪ್ಪಿನ ಕಾಗದಕ್ಕೆ ರುಜು ಹಾಕುವವರು ಸಾಮಾನ್ಯವಾಗಿ ಮನೆಯ ಯಜಮಾನರು. ನಮಗೆ ಅದರ ಗೊಡವೆ ಇಲ್ಲ. ಆದರೆ 2020ರ ದೀಪಾವಳಿಯ ಹೊತ್ತಿಗೆ ಮನೆಗೆ ಬಂದ ಒಂದು ಹಾಳೆಯನ್ನು ನಮ್ಮ ಯಜಮಾನರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, “ನಿಮ್ಮಮ್ಮನ್ನೇ ಕೇಳು” ಎಂದು ಅಡುಗೆಮನೆಗೆ ಕಳುಹಿಸಿಬಿಟ್ಟರು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಹೀಗೇ ಆಗಿರಬೇಕು, ಅಲ್ಲವೇ?

ಅದು ಪೋಷಕರ ಒಪ್ಪಿಗೆ ಪತ್ರ. ಕೊರೋನಾ ಕಾಲದಲ್ಲಿ ಮಗಳನ್ನು ಕಾಲೇಜಿಗೆ ಕಳುಹಿಸಲು ನಮ್ಮ ಒಪ್ಪಿಗೆ ಉಂಟು ಎಂದು ಬರೆದುಕೊಡಬೇಕಾಗಿತ್ತು.

ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 14ರಂದು ಒಂದೇ ಒಂದು ವಾರವೆಂದು ಕಾಲೇಜುಗಳ ಬಾಗಿಲು ಹಾಕಿದರು. ಆ ವಾರ ಎಂಟು ತಿಂಗಳಾಯಿತು! ಕೊನೆಗೆ ನವೆಂಬರ್ 17ರಿಂದ ಡಿಗ್ರಿ, ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜು ತೆರೆಯುತ್ತವೆ ಎಂದು ಸರ್ಕಾರ ಹೇಳಿತು. ಬರಲೇಬೇಕೆಂಬ ಕಡ್ಡಾಯವಿಲ್ಲ, ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಕೇಳಬಹುದು. ಬರುವವರು ಮಾತ್ರ ಎರಡು ಕಾಗದ ತರಬೇಕು. ಒಂದು, ಮೂರು ದಿನದೊಳಗೆ ಮಾಡಿಸಿದ ಕೊರೋನಾ ಪರೀಕ್ಷೆಯ ನೆಗೆಟಿವ್ ರಿಪೋರ್ಟು. ಇನ್ನೊಂದು, ನಮ್ಮ ರುಜು. ಬಲಿಪಾಡ್ಯಮಿ ಸೋಮವಾರ, ಕಾಲೇಜು ಅದರ ಮರುದಿನ ಮಂಗಳವಾರ! “ಮಂಗಳವಾರದಲ್ಲಿ ಯಾರಾದ್ರೂ ಮಗಾನ ಹೊರಡಿಸ್ತಾರಾ?” ಎಂದು ನಮ್ಮತ್ತೆಯವರು ಗೊಣಗಿದ್ದು ಬೇರೆ.

ಅತ್ತೆಗೆ ಆಗ ಎಪ್ಪತ್ತಾರು ವರ್ಷ. ಸಕ್ಕರೆ ಕಾಯಿಲೆ, ಜೊತೆಗೆ ಚಳಿಗಾಲ ಬಂತೆಂದರೆ ಉಬ್ಬಸ. ಮದ್ದೂರಿನ ನಮ್ಮ ಮನೆ ಮೂರು ಅಂಕಣದ್ದು. ಮಗಳೂ ಅಜ್ಜಿಯೂ ಮಲಗುವುದು ಒಂದೇ ಕೋಣೆಯಲ್ಲಿ. ಮಗಳು ಓದುತ್ತಿದ್ದದ್ದು ಮಂಡ್ಯದಲ್ಲಿ, ಕಡೆಯ ವರ್ಷದ ಬಿ.ಎಸ್‌ಸಿ. ಅವಳು ದಿನಾ ಬಸ್ಸಿನಲ್ಲಿ ಹೋಗಿ, ನೂರು ಜನರ ನಡುವೆ ಇದ್ದು, ಸಂಜೆ ಬಂದು ಅಜ್ಜಿಯ ಪಕ್ಕ ಮಲಗಿದರೆ? ಕಳುಹಿಸದೆ ಇದ್ದರೆ ಕೆಮಿಸ್ಟ್ರಿ ಪ್ರಾಕ್ಟಿಕಲ್ಸನ್ನು ಮೊಬೈಲಿನಲ್ಲಿ ಕಲಿಯುವುದು ಹೇಗೆ? ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಎರಡು ದಿನ ಆ ಹಾಳೆಯನ್ನು ಸಾಂಬಾರಪುಡಿ ಡಬ್ಬದ ಕೆಳಗಿಟ್ಟೆ. ಮೂರನೆಯ ದಿನ ಅತ್ತೆಯವರೇ ಕೇಳಿದರು, “ಅದೇನೋ ಕಾಗ್ದ ಬಂದದಂತೆ?” ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ನನ್ ಸಲ್ವಾಗಿ ಮಗಾನ ಮನೇಲಿ ಕೂರಿಸ್ಬೇಡ ಕಣವ್ವ. ಆದ್ರೆ ನಂಗೂ ಇನ್ನೊಂದೆರಡು ವರ್ಷ ಬದ್ಕೋ ಆಸೆ ಅದೆ. ಎರಡಕ್ಕೂ ದಾರಿ ನೋಡು.”

ಈ ಮಾತನ್ನು ನಾನು ಬಹಳ ಸಲ ನೆನೆದಿದ್ದೇನೆ. ಆ ಒಪ್ಪಿಗೆ ಪತ್ರದಲ್ಲಿ ತಂದೆ ತಾಯಿಯ ರುಜುವಿಗೆ ಜಾಗವಿತ್ತು, ಅಜ್ಜಿಯ ಹೆಬ್ಬೆಟ್ಟಿಗೆ ಇರಲಿಲ್ಲ. ಆದರೆ ಅಪಾಯದ ದೊಡ್ಡ ಪಾಲು ಅವರದೇ ಅಲ್ಲವೇ? ಮನೆಯಲ್ಲಿ ಮುದುಕರಿದ್ದರೆ ಅವರನ್ನು ಬಿಟ್ಟು ಇಂಥ ತೀರ್ಮಾನ ಮಾಡಬೇಡಿ. ಕೇಳಿ. ಎಷ್ಟೋ ಸಲ ನಮಗಿಂತ ನೆಟ್ಟಗೆ ಯೋಚನೆ ಮಾಡುವವರು ಅವರೇ. ಹಿಂದೆ ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದುದನ್ನು ತಮ್ಮ ಹಿರಿಯರ ಬಾಯಿಂದ ಕೇಳಿದವರು ಅವರು. ಬಯಲು ಗಾಳಿಯ ಬೆಲೆ ಅವರಿಗೆ ಗೊತ್ತು.

ಮಳವಳ್ಳಿಯಿಂದ ಬಂದ ಫೋನು

ನನ್ನದು ಹೀಗಾದರೆ, ಮಳವಳ್ಳಿಯಲ್ಲಿರುವ ನನ್ನ ತಂಗಿಯದು ಇನ್ನೊಂದು ಕಥೆ. ಅವಳ ಮಗಳೂ ಮಂಡ್ಯದಲ್ಲೇ ಬಿ.ಕಾಂ. ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದು. ಮಾರ್ಚಿಯಲ್ಲಿ ಟ್ರಂಕು, ಹಾಸಿಗೆ ಹೊತ್ತು ಊರಿಗೆ ಬಂದವಳು ಮನೆಯಲ್ಲೇ ಉಳಿದಿದ್ದಳು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನು, ಅದೂ ಅವರಪ್ಪನ ಜೇಬಿನಲ್ಲಿ. ಅವರು ಗದ್ದೆಗೆ ಹೋದರೆ ಕ್ಲಾಸೂ ಗದ್ದೆಗೆ ಹೋಗುತ್ತಿತ್ತು! ಫೋನು ಸಿಕ್ಕ ದಿನ ಸಿಗ್ನಲ್ಲಿಗಾಗಿ ತಾರಸಿ ಹತ್ತಬೇಕು. ಬರಬರುತ್ತಾ ಹುಡುಗಿ ತಾರಸಿ ಹತ್ತುವುದನ್ನೂ ಬಿಟ್ಟಳು.

ನವೆಂಬರಿನಲ್ಲಿ ತಂಗಿ ಫೋನು ಮಾಡಿದಳು. “ಅಕ್ಕಾ, ಇವರು ರುಜು ಹಾಕಲ್ಲ ಅಂತವ್ರೆ. ರೋಗ ಅಂತಾರೆ. ಆದ್ರೆ ನಿಜ ಅದಲ್ಲ. ಗಂಡಿನ ಕಡೆಯವ್ರು ಬಂದು ಹೋಗವ್ರೆ.”

ಸೋದರಿಯರೇ, ಆ ವರ್ಷ ಎಷ್ಟು ಮನೆಗಳಲ್ಲಿ ಹೀಗಾಯಿತು! ಲಾಕ್‌ಡೌನಿನಲ್ಲಿ ಮದುವೆಗೆ 50 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಛತ್ರದ ಬಾಡಿಗೆಯಿಲ್ಲ, ಸಾವಿರ ಜನರ ಊಟವಿಲ್ಲ. ಹೆಣ್ಣು ಹೆತ್ತವರಿಗೆ ‘ಇದೇ ಒಳ್ಳೆ ಸಮಯ, ಖರ್ಚಿಲ್ಲದೆ ಮುಗಿಸಿಬಿಡೋಣ’ ಎನಿಸಿದ್ದು ಸುಳ್ಳಲ್ಲ. ಅವರ ಕಷ್ಟವೂ ಕಷ್ಟವೇ, ನಾನು ಹೀಗಳೆಯುವುದಿಲ್ಲ. ಆದರೆ ಒಪ್ಪಿಗೆ ಪತ್ರಕ್ಕೆ ರುಜು ಹಾಕದಿರಲು ರೋಗ ಒಂದು ನೆಪವಾಯಿತು. ನನ್ನ ತಂಗಿಯ ಮಗಳಿಗಾದರೂ ಆಗ ಹತ್ತೊಂಬತ್ತು. ಪಿಯುಸಿಯಲ್ಲಿದ್ದ, ಹದಿನೆಂಟು ತುಂಬದ ಹುಡುಗಿಯರ ಗತಿ? ಹದಿನೆಂಟಾಗುವ ಮೊದಲು ಮದುವೆ ಮಾಡಿದರೆ ಕಾನೂನಿನ ಪ್ರಕಾರ ಅಪರಾಧ. ಅಂಥದ್ದು ಕಂಡರೆ 1098ಕ್ಕೆ ಫೋನು ಮಾಡಬಹುದು, ಹಣ ಕೊಡಬೇಕಾಗಿಲ್ಲ. ಈ ಅಂಕಿಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ನಾನು ತಂಗಿಗೆ ಹೇಳಿದೆ, “ಜಗಳ ಆಡಬೇಡ. ರೋಗ ಅಂತ ತಾನೇ ಅವರು ಹೇಳೋದು? ರೋಗಕ್ಕೆ ಉತ್ತರ ಕೊಡು. ಅವಳು ಹೇಗೆ ಹೋಗ್ತಾಳೆ, ಎಲ್ಲಿ ಮಲಗ್ತಾಳೆ, ಏನು ತಿಂತಾಳೆ, ಒಂದೊಂದನ್ನೂ ಹೇಳು. ಆಮೇಲೆ ಅವರು ಏನು ನೆಪ ಹೇಳ್ತಾರೋ ನೋಡೋಣ.”

ಕಾಗದಕ್ಕಿಂತ ಕಿಟಕಿ ಮೇಲು

ಹೇಳಿದ್ದು ಸುಲಭ. ನಾನೇ ಮೊದಲು ಮಾಡಿ ತೋರಿಸಬೇಕಿತ್ತಲ್ಲ! ಮಗಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆವು. ಮೂಗಿಗೆ ಕಡ್ಡಿ ಹಾಕಿದಾಗ ಅವಳಿಗಿಂತ ನನಗೇ ಕಣ್ಣಲ್ಲಿ ನೀರು. ನೆಗೆಟಿವ್ ಬಂತು. ನಮ್ಮ ಬೀದಿಯವರೆಲ್ಲ “ಇನ್ನೇನು ಭಯವಿಲ್ಲ ಬಿಡಿ” ಎಂದರು. ಹಾಗಲ್ಲ ನೋಡಿ. ಆ ಕಾಗದ ಹೇಳುವುದು ಕಡ್ಡಿ ಹಾಕಿದ ದಿನದ ಸಮಾಚಾರ ಮಾತ್ರ. ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಲು ಎರಡು ದಿನದಿಂದ ಎರಡು ವಾರ ಬೇಕಾಗಬಹುದು. ಇಂದು ನೆಗೆಟಿವ್ ಇದ್ದವಳು ನಾಡಿದ್ದು ಪಾಸಿಟಿವ್ ಆಗಬಹುದು. ಹಾಲು ಕಾಯಿಸಿಟ್ಟೆವೆಂದು ಸಂಜೆಯವರೆಗೂ ಮುಚ್ಚಳ ತೆಗೆದಿಟ್ಟರೆ ಆಗುತ್ತದೆಯೇ? ಹಾಗೇ ಇದು.

ಆಗ ನಾವು ಮಾಡಿದ ಕೆಲವು ಕೆಲಸಗಳನ್ನು ನೆನೆದರೆ ಈಗ ನಗು ಬರುತ್ತದೆ. ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಸಿದ್ದೇನು, ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿದ್ದೇನು, ತೆಂಗಿನಕಾಯಿಯನ್ನು ಎರಡು ದಿನ ಬಿಸಿಲಿಗಿಟ್ಟಿದ್ದೇನು! ಇಷ್ಟೆಲ್ಲ ಮಾಡಿ, ಚಳಿಯೆಂದು ಕಿಟಕಿಗಳನ್ನು ಮಾತ್ರ ಭದ್ರವಾಗಿ ಹಾಕಿಕೊಳ್ಳುತ್ತಿದ್ದೆವು. ಈ ವೈರಸ್ ಹೆಚ್ಚಾಗಿ ಹರಡುವುದು ಒಬ್ಬರು ಬಿಟ್ಟ ಉಸಿರನ್ನು ಮುಚ್ಚಿದ ಜಾಗದಲ್ಲಿ ಇನ್ನೊಬ್ಬರು ತೆಗೆದುಕೊಳ್ಳುವುದರಿಂದ ಎಂಬುದು ನಮ್ಮಂಥವರ ಕಿವಿಗೆ ಬೀಳಲು ತಡವಾಯಿತು. 2021ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬಿಡಿಸಿ ಹೇಳಿತು. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ, ನಾನೂ ದಿನಾ ಮಾಡುತ್ತಿದ್ದೆ. ಆದರೆ ಅದು ವೈರಸ್ಸನ್ನು ಕೊಲ್ಲುತ್ತದೆಂದು ನಂಬಿ ಮಾಸ್ಕ್ ಬಿಟ್ಟವರನ್ನು ನಾನು ಬಲ್ಲೆ.

ನಮ್ಮ ಮನೆಯಲ್ಲಿ ಅತ್ತೆಯವರದೇ ಯೋಜನೆ. ಮೊಮ್ಮಗಳು ಮಲಗುವ ಜಾಗ ನಡುಮನೆಗೆ ಬಂತು. ಅಜ್ಜಿಯ ಕೋಣೆಯ ಕಿಟಕಿ ಹಗಲೆಲ್ಲ ತೆರೆದೇ ಇರಬೇಕು, ಅವರು ಬೇಕಾದರೆ ಕಂಬಳಿ ಹೊದೆಯುತ್ತಾರೆ. ಸಂಜೆಯ ಹರಟೆ ಹೊರಗಿನ ಜಗಲಿಯ ಮೇಲೆ, ಅವಳು ಈ ತುದಿ, ಇವರು ಆ ತುದಿ. ಮಗಳಿಗೆ ಬಟ್ಟೆಯ ಮಾಸ್ಕ್ ಆರು ಹೊಲಿದೆ. ಮೂಗಿನ ಪಕ್ಕ ಸಂದು ಬಿಡಬಾರದು, ಒದ್ದೆಯಾದರೆ ಬದಲಾಯಿಸಬೇಕು. ಬಟ್ಟೆಯದಕ್ಕಿಂತ ಆಸ್ಪತ್ರೆಯವರು ಹಾಕುವ ಎನ್-95 ಎಷ್ಟೋ ಮೇಲೆಂದು ಆಮೇಲೆ ತಿಳಿಯಿತು.

ಬಸ್ಸಿನದು ದೊಡ್ಡ ಸಮಸ್ಯೆ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರು. ಮಾಮೂಲಾಗಿ ನಮ್ಮ ಹುಡುಗರು ಪಾಸು ಮಾಡಿಸಿಕೊಂಡು ರೈಲು ಹತ್ತುವವರು. ಆಗ ಪ್ಯಾಸೆಂಜರ್ ರೈಲುಗಳು ಮೊದಲಿನ ಹಾಗೆ ಓಡುತ್ತಿರಲಿಲ್ಲ. ಮಳವಳ್ಳಿಗಂತೂ ರೈಲೇ ಇಲ್ಲ, ಬಸ್ಸೇ ಗತಿ. ಮಗಳು ಅರ್ಧ ಗಂಟೆ ಮುಂಚೆ ಹೊರಟು, ರಶ್ ಇಲ್ಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಗಾಜು ಸರಿಸಿಕೊಳ್ಳುತ್ತಿದ್ದಳು. ಡಿಸೆಂಬರಿನ ಬೆಳಗಿನ ಗಾಳಿಗೆ ಹಿಂದಿನ ಸೀಟಿನವರು ಬೈಯುತ್ತಿದ್ದರಂತೆ. ಬೈಸಿಕೊಂಡಳು.

ಇನ್ನು ಊಟ. ಇದನ್ನು ಮಾತ್ರ ಚೆನ್ನಾಗಿ ಗಮನಿಸಿ. ಕ್ಲಾಸಿನಲ್ಲಿ ಬೆಂಚಿಗೊಬ್ಬರಂತೆ ಮಾಸ್ಕ್ ಹಾಕಿ ಕೂತ ಹುಡುಗಿಯರು, ಮಧ್ಯಾಹ್ನ ಒಂದು ಚಿಕ್ಕ ಕೋಣೆಯಲ್ಲಿ ಸುತ್ತ ಕೂತು, ಮಾಸ್ಕ್ ಕೆಳಗಿಳಿಸಿ, ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿ ನಗುತ್ತಾ ತಿಂದರೆ ಬೆಳಗಿನಿಂದ ಪಟ್ಟ ಕಷ್ಟವೆಲ್ಲ ನೀರಿನಲ್ಲಿ ಹೋಮ. ಎಂಟು ತಿಂಗಳಾದ ಮೇಲೆ ಸಿಕ್ಕ ಗೆಳತಿಯರು! ಬೇಡವೆನ್ನಲು ನನಗೂ ಮನಸ್ಸು ಬರಲಿಲ್ಲ. “ತಿನ್ನಿ, ಆದರೆ ಮರದ ಕೆಳಗೆ ಕೂತು ತಿನ್ನಿ” ಎಂದೆ. ಸಾರು ಚೆಲ್ಲುವ ಊಟ ಬಿಟ್ಟು ಚಿತ್ರಾನ್ನ, ಅಕ್ಕಿರೊಟ್ಟಿ, ಚಪಾತಿ ಪಲ್ಯ ಕಟ್ಟಿಕೊಟ್ಟೆ. ಮರದ ಕೆಳಗಿನ ಊಟ ಅವರಿಗೆ ಎಷ್ಟು ಹಿಡಿಸಿತೆಂದರೆ ಪರೀಕ್ಷೆ ಮುಗಿಯುವವರೆಗೂ ಅಲ್ಲೇ ತಿಂದರು.

ಎಲ್ಲಕ್ಕಿಂತ ಕಷ್ಟದ ನಿಯಮ ಇನ್ನೊಂದು. ಗಂಟಲು ಕೆರೆದರೆ, ಮೈ ಬಿಸಿಯಾದರೆ ಅಂದು ಕಾಲೇಜಿಲ್ಲ. ಪ್ರಾಕ್ಟಿಕಲ್ ಇರಲಿ, ಟೆಸ್ಟ್ ಇರಲಿ. ಒಂದು ದಿನ ಹೀಗಾಗಿ ಮಗಳು ಅತ್ತಳು. ಬರೀ ನೆಗಡಿಯೆಂದು ಆಮೇಲೆ ತಿಳಿಯಿತು. ಆದರೂ ಕಳುಹಿಸಲಿಲ್ಲ. ಅವಳ ಪಕ್ಕ ಕೂರುವ ಹುಡುಗಿಯ ಮನೆಯಲ್ಲೂ ಒಬ್ಬ ಅಜ್ಜಿ ಇರಬಹುದಲ್ಲವೇ?

ಇತ್ತ ಮಳವಳ್ಳಿಯಲ್ಲಿ ತಂಗಿ ಇದನ್ನೆಲ್ಲ ದಿನಾ ಗಂಡನ ಕಿವಿಗೆ ಹಾಕುತ್ತಿದ್ದಳು. ಅಷ್ಟರಲ್ಲಿ ಡಿಸೆಂಬರಿನಲ್ಲಿ ಸಾರಿಗೆ ನೌಕರರ ಮುಷ್ಕರವಾಗಿ ನಾಲ್ಕು ದಿನ ಬಸ್ಸೇ ಇಲ್ಲ. “ನೋಡಿದ್ಯಾ? ಕಳ್ಸಿದ್ರೆ ಏನಾಗ್ತಿತ್ತು!” ಎಂದರಂತೆ ಅವರು. ಆಮೇಲೆ 22 ಮತ್ತು 27ರಂದು ಗ್ರಾಮ ಪಂಚಾಯ್ತಿ ಎಲೆಕ್ಷನ್ ಬಂತು. ಊರ ಮುಂದೆ ಜನವೋ ಜನ, ಯಾರ ಮುಖದಲ್ಲೂ ಮಾಸ್ಕಿಲ್ಲ. ಭಾವಮೈದುನನ ಪರವಾಗಿ ಇವರೂ ಮನೆಮನೆ ಓಡಾಡಿದವರೇ. ಅಂದು ರಾತ್ರಿ ತಂಗಿ ಮುದ್ದೆ ಬಡಿಸುತ್ತಾ ಕೇಳಿದಳಂತೆ, “ಓಟು ಕೇಳಕ್ಕೆ ಹೋದ್ರೆ ಬರ್ದೇ ಇರೋ ರೋಗ, ಪಾಠ ಕೇಳಕ್ಕೆ ಹೋದ್ರೆ ಮಾತ್ರ ಬತ್ತದಾ?” ಅವರು ಉತ್ತರ ಕೊಡಲಿಲ್ಲ. ಜನವರಿ 15ರಿಂದ ಎಲ್ಲ ವರ್ಷದವರಿಗೂ ಕ್ಲಾಸು ಶುರುವಾದಾಗ ಹಾಳೆಯನ್ನು ತಾವೇ ಕೇಳಿ ತೆಗೆದುಕೊಂಡು ರುಜು ಹಾಕಿದರು. ಗಂಡಿನ ಕಡೆಯವರಿಗೆ ಏನು ಹೇಳಿದರೋ, ತಂಗಿ ಕೇಳಲಿಲ್ಲ. ಜಾಣೆ!

ಎಲ್ಲ ಹೀಗೇ ಸುಗಮವಾಯಿತೆಂದು ತಿಳಿಯಬೇಡಿ. 2021ರ ಏಪ್ರಿಲ್ 7ರಿಂದ ಮತ್ತೆ ಎರಡು ವಾರ ಬಸ್ಸಿಲ್ಲ, ಅದು ಮುಗಿಯುವ ಹೊತ್ತಿಗೆ ಎರಡನೆಯ ಅಲೆ. ಕಾಲೇಜು ಮತ್ತೆ ಮುಚ್ಚಿತು. ಮೇ ತಿಂಗಳು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಲ್ಲಿಯವರೆಗೂ ಕಾಪಾಡಿಕೊಂಡಿದ್ದ ನಮ್ಮ ಅತ್ತೆಗೆ ಜ್ವರ ಬಂದದ್ದು ಆಗ. ಮಗಳು ಮನೆಯಲ್ಲೇ ಇದ್ದು ತಿಂಗಳಾಗಿತ್ತು! ತಂದವರು ನಾನೋ, ಯಜಮಾನರೋ, ತರಕಾರಿ ಗಾಡಿಯ ಬಳಿ ಸಿಕ್ಕವರೋ ಯಾರಿಗೆ ಗೊತ್ತು? ಆದರೆ ಮಗಳು ಮಾತ್ರ “ನನ್ನಿಂದಲೇ ಏನೋ ಅಮ್ಮಾ” ಎಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಇಂಥ ಸಮಯದಲ್ಲಿ ‘ಯಾರು ತಂದರು’ ಎಂಬ ಪ್ರಶ್ನೆಯನ್ನು ಮನೆಯೊಳಗೆ ಎತ್ತಲೇಬೇಡಿ. ಹುಡುಗರ ಮನಸ್ಸಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಅರವತ್ತು ದಾಟಿದವರಿಗೆ ಮಾರ್ಚಿ 1ರಿಂದ ಲಸಿಕೆ ಶುರುವಾಗಿತ್ತು. ಅತ್ತೆಗೆ ಮೊದಲ ಡೋಸು ಹಾಕಿಸಿದ್ದೆವು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಪಕ್ಕದ ಮನೆಯಿಂದ ತಂದು, ನಾಲ್ಕು ಗಂಟೆಗೊಮ್ಮೆ ನೋಡಿ ಪಂಚಾಂಗದ ಹಿಂದೆ ಬರೆದಿಡುತ್ತಿದ್ದವಳು ಮಗಳೇ. 94ರ ಕೆಳಗೆ ಬಂದರೆ ಆಸ್ಪತ್ರೆ ಎಂದು ಡಾಕ್ಟರು ಹೇಳಿದ್ದರು. ಒಂದು ರಾತ್ರಿ 93 ತೋರಿಸಿತು. ಆಂಬುಲೆನ್ಸಿಗೆ ಕಾದದ್ದು, ಹಾಸಿಗೆ ಸಿಕ್ಕಿದ್ದು, ಹನ್ನೊಂದು ದಿನ ಅವರು ಅಲ್ಲಿದ್ದದ್ದು... ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಅವರು ಉಳಿದರು. ನಮ್ಮ ಬೀದಿಯಲ್ಲಿ ಇಬ್ಬರು ಉಳಿಯಲಿಲ್ಲ.

ಜುಲೈ 26ರಂದು ಕಾಲೇಜು ಮತ್ತೆ ತೆರೆದಾಗ ನೆಗೆಟಿವ್ ರಿಪೋರ್ಟಿನ ಜಾಗಕ್ಕೆ ಲಸಿಕೆಯ ಕಾಗದ ಬಂದಿತ್ತು, ಒಂದು ಡೋಸಾದರೂ ಆಗಿರಬೇಕು. ನನಗೆ ಕೇಳಿದರೆ ಅದು ಹೆಚ್ಚು ಅರ್ಥವಿದ್ದ ಕಾಗದ.

ಈಗೇಕೆ ಈ ಹಳೆಯ ಕಥೆ ಅಂತೀರಾ? ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ, ನಿಜ. ಆದರೆ ಜ್ವರದ ಕಾಲ ವರ್ಷವರ್ಷವೂ ಬರುತ್ತದೆ, ರಜೆ ಮುಗಿಸಿ ಹಾಸ್ಟೆಲಿಗೆ ಹೊರಡುವ ಹೆಣ್ಣುಮಕ್ಕಳೂ ಇದ್ದೇ ಇರುತ್ತಾರೆ. ಮಗಳನ್ನು ಬಿಡಲು ಹೋದಾಗ ಹಾಸ್ಟೆಲಿನ ಕೋಣೆಯಲ್ಲಿ ಮೊದಲು ಕಿಟಕಿ ತೆಗೆದು ನೋಡಿ. ನನ್ನ ತಂಗಿ ನೋಡಿದ್ದಳು. ಮಗಳ ಹಾಸಿಗೆಯ ಪಕ್ಕದ ಕಿಟಕಿಗೆ ಮೊಳೆ ಹೊಡೆದಿತ್ತಂತೆ. ವಾರ್ಡನ್ನರನ್ನು ಕೇಳಿದರೆ “ಬಡಗಿ ಬರ್ತಾನೆ, ನೋಡೋಣ” ಎಂದರಂತೆ. ನಮ್ಮ ಭಾವ, ಅದೇ ರುಜು ಹಾಕದೆ ಕೂತಿದ್ದವರು, ಎದುರಿನ ಅಂಗಡಿಯಿಂದ ಇಕ್ಕಳ ಕೇಳಿ ತಂದು ಮೂರು ಮೊಳೆಯನ್ನೂ ತಾವೇ ಕಿತ್ತು, ಕಿಟಕಿ ತೆರೆದಿಟ್ಟು, ಸಂಜೆಯ ಬಸ್ಸಿಗೆ ಮಳವಳ್ಳಿಗೆ ಹೊರಟರು.